ಸಜ್ಜಾದ ಮೇಲಿನ ಕಂಬಳಿ

ಹೋದ ವರ್ಷ ಎಳ್ಳಮಾವಾಸ್ಯೆ ಮುಗಿದು ಒಂದು ವಾರವಾಗಿತ್ತು. ಆ ಸೋಮವಾರ ಬೆಳಿಗ್ಗೆ ನಾನು ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಚುಚ್ಚಲು ಹೋಗಿದ್ದೆ.

ಬೀದರಿನ ಒಂದು ಆಸ್ಪತ್ರೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ನರ್ಸ್. ಏಳನೇ ಮಂಚದ ಅಜ್ಜನಿಗೆ ಇಂಜೆಕ್ಷನ್ ಕೊಟ್ಟು ಬಂದು, ಒಂಬತ್ತನೇ ಮಂಚದವರದನ್ನು ತುಂಬಿಕೊಂಡು ಹೊರಟವಳು ಮತ್ತೆ ಏಳರ ಮುಂದೆಯೇ ನಿಂತು ಅಜ್ಜನ ತೋಳು ಹಿಡಿದಿದ್ದೆ. ಅವರು ಮೆಲ್ಲಗೆ, "ಬಾಯೋರ, ಈಗ ಚುಚ್ಚಿ ಹೋದ್ರಲ್ರಿ. ಇನ್ನೊಂದು ಅದ ಏನ್ರಿ?" ಎಂದರು. ಆಗ ನನಗೆ ಎಚ್ಚರವಾಯಿತು. ಸಿರಿಂಜನ್ನು ಟ್ರೇಯಲ್ಲಿಟ್ಟು ಗೋಡೆಗೆ ಒರಗಿ ನಿಂತೆ. ಅಜ್ಜ ಕೇಳದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ನೆನೆಸಿಕೊಳ್ಳಲು ಭಯವಾಗುತ್ತದೆ.

ನನಗೆ ಮೂರು ತಿಂಗಳಿನಿಂದ ನಿದ್ದೆ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ವಾರ್ಡಿಗೆ ಹೋದ ಕೂಡಲೇ ಪ್ರತಿ ಮಂಚದ ಹತ್ತಿರ ನಿಂತು "ನಿದ್ದಿ ಬಂತೇನ್ರಿ?" ಎಂದು ಕೇಳುವುದು ನನ್ನ ರೂಢಿ. ಇಪ್ಪತ್ತು ಮಂಚಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ನನ್ನ ನಿದ್ದೆಯ ವಿಚಾರ ಮಾತ್ರ ಬಾಯಿಂದ ಹೊರಗೆ ಬಂದಿರಲಿಲ್ಲ.

ಅಂದು ನಮ್ಮ ಡಾಕ್ಟರ್ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಮೊನ್ನೆ ನಿಮ್ಮ ಮನಿಗಿ ಚಹಾಕ್ಕ ಬಂದಾಗ ನೋಡೀನಿ. ನನಗ ಕೂಡಲಿಕ್ಕ ಜಾಗ ಮಾಡಬೇಕಂದ್ರ ನೀವು ಎರಡು ಗಂಟು ಎತ್ತಿ ಬ್ಯಾರೆ ಕಡಿ ಇಟ್ರಿ. ನಾಕು ದಿನ ರಜಾ ತಗೊಂಡು ಮೊದಲ ಆ ಮನಿ ಖಾಲಿ ಮಾಡ್ರಿ, ತಲಿ ಜರಾ ಹಗುರ ಆಗ್ತದ. ಆಗಲಿಲ್ಲಂದ್ರ ಗುಳಿಗಿ ನೋಡಮು. ಆದ್ರ ನೀವು ಹಿಂಗೇ ಇದ್ರ ನಾ ನಿಮಗ ವಾರ್ಡಿಗಿ ಬಿಡಂಗಿಲ್ಲ" ಎಂದರು. ಕೊನೆಯ ಮಾತು ನನ್ನ ಎದೆಗೆ ನಾಟಿತು. ವಾರ್ಡು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ನನ್ನ ಅಪ್ಪ ಔರಾದದಲ್ಲಿ ಸಾಲಿ ಮಾಸ್ತರರಾಗಿದ್ದರು. ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ನಾವು ನಾಲ್ಕು ಮಕ್ಕಳು. ಯಾರು ಏನು ಹೇಳಿದರೂ "ಯಾಕ?" ಎಂದು ಕೇಳದೆ ಒಪ್ಪಬಾರದು ಎಂಬುದು ಅವರ ಪಾಠ. ಆ ಚಟ ನನಗೆ ಇನ್ನೂ ಬಿಟ್ಟಿಲ್ಲ. ಮನೆ ಖಾಲಿ ಮಾಡಿದರೆ ತಲೆ ಯಾಕೆ ಹಗುರವಾಗಬೇಕು, ತಲೆಗೂ ಸಾಮಾನು ತುಂಬಿದ ಅಟ್ಟಕ್ಕೂ ಏನು ಸಂಬಂಧ ಎಂದು ಯೋಚಿಸುತ್ತಲೇ ಮನೆಗೆ ಬಂದೆ. ನಂಬಿಕೆ ಇರಲಿಲ್ಲ. ಏನಾಗುತ್ತದೋ ನೋಡೇಬಿಡೋಣ ಎಂಬ ಕುತೂಹಲ ಮಾತ್ರ ಇತ್ತು.

ಬೀದರಿನ ಚಿದ್ರಿಯಲ್ಲಿ ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ, ಒಂದು ಸಣ್ಣ ಕೋಣೆಯ ಮನೆ. ಸಣ್ಣ ಕೋಣೆಯನ್ನು ಮಗಳು ಓದಲಿ ಎಂದೇ ಕಟ್ಟಿಸಿದ್ದು. ಅದರೊಳಗೆ ಕಾಲಿಡಲು ಜಾಗವಿಲ್ಲದೆ ಪಿಯುಸಿ ಓದುವ ಹುಡುಗಿ ಅಡುಗೆಮನೆಯಲ್ಲಿ ಗ್ಯಾಸಿನ ಪಕ್ಕ ಕುಳಿತು ಓದುತ್ತಿದ್ದಳು. ಆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಸಿಮೆಂಟಿನ ಅಟ್ಟವಿದೆ. ನಮ್ಮ ಕಡೆ ಅದಕ್ಕೆ ಸಜ್ಜಾ ಎನ್ನುತ್ತಾರೆ. ಅದೂ ಸೂರಿನವರೆಗೆ ತುಂಬಿತ್ತು.

ಮಂಗಳವಾರ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಇಳಿದೆ. ನಮಗೆ ಬೇಕಾದದ್ದು ಒಂದು ಗುಂಪು, ಬೇಡವಾದದ್ದು ಇನ್ನೊಂದು ಗುಂಪು ಎಂದು ಶುರುಮಾಡಿದೆ. ಅರ್ಧ ತಾಸಿನಲ್ಲಿ ಮೂರನೆಯ ಗುಂಪೊಂದು ತಾನಾಗಿಯೇ ಹುಟ್ಟಿತು. ಐದು ದಿಂಬು, ಮೂರು ಶಾಲು, ಕೆಳಗೆ ರಬ್ಬರಿದ್ದ ಒಂದು ಊರುಗೋಲು, ಬಿಸಿನೀರಿನ ಚೀಲ, ಸ್ಟೀಲಿನ ಡಬ್ಬಿಗಳು, ಒಂದು ಮಗುವಿನ ಕುಲಾವಿ. ಒಂದೂ ನಮ್ಮದಲ್ಲ. ಸಾಯಂಕಾಲದ ಹೊತ್ತಿಗೆ ಆ ಗುಂಪು ಉಳಿದೆರಡನ್ನು ಸೇರಿಸಿದರೂ ದೊಡ್ಡದಾಗಿತ್ತು.

ನಮ್ಮವರು ಕಮಠಾಣದ ಸಾಲಿಯಲ್ಲಿ ಮಾಸ್ತರರು. ಬಂದು ಬಾಗಿಲಲ್ಲೇ ನಿಂತು, "ಇದು ಮನಿ ಅಲ್ಲ, ಬಸ್ ಸ್ಟ್ಯಾಂಡಿನ ಲಗೇಜ್ ರೂಮ್ ಅದ" ಎಂದು ನಕ್ಕರು. ಸುಳ್ಳೇನಲ್ಲ. ಭಾಲ್ಕಿ ಕಡೆಯ ಅವರ ಬಳಗ, ಔರಾದ ಕಡೆಯ ನನ್ನ ಬಳಗ, ಯಾರಿಗೆ ಜ್ವರ ಬಂದರೂ, ಕಲ್ಲಾದರೂ, ಹೆರಿಗೆಯಾದರೂ ಬೀದರಿಗೆ ಬರಬೇಕು. ಬಂದವರು ನರ್ಸ್ ಇರುವ ಮನೆ ಬಿಟ್ಟು ಎಲ್ಲಿ ಇಳಿದಾರು. ಗುಣವಾದ ಮೇಲೆ ಎರಡು ದಿನ ಇದ್ದು ಹೋಗುತ್ತಾರೆ. ಹೋಗುವಾಗ ಏನಾದರೊಂದು ಮರೆತು ಹೋಗುತ್ತಾರೆ. ಹಾಗೆಂದೇ ನಾನು ತಿಳಿದಿದ್ದೆ.

"ಗುಜರಿಯವನಿಗಿ ಹಾಕಿಬಿಡು" ಎಂದರು ಇವರು.

"ಮಂದಿದು ಅಮಾನತ್ ಅದ. ನಾವು ಹಾಕಂಗಿಲ್ಲ" ಎಂದೆ. ಯಾರಾದರೂ ನಂಬಿ ಇಟ್ಟುಹೋದದ್ದನ್ನು ಅವರ ಕೈಗೇ ಒಪ್ಪಿಸಬೇಕು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವಳು ನಾನು. ಫೋನ್ ಹಿಡಿದು ಒಬ್ಬೊಬ್ಬರಿಗೇ ಮಾಡಿದೆ.

ಇಲ್ಲಿಂದಲೇ ನನಗೆ ಸೋಜಿಗ ಶುರುವಾದದ್ದು. ಯಾರಿಗೂ ತಮ್ಮ ಸಾಮಾನು ಬೇಕಿರಲಿಲ್ಲ. "ಇರಲಿ ಬಿಡ್ರಿ", "ಯಾರಿಗಾರ ಕೊಡ್ರಿ", "ಅಯ್ಯ, ಅದ್ಯಾಕ ತರ್ತೀರಿ". ಒಂದು ಚಮಚ ಕಳೆದರೆ ಆರು ತಿಂಗಳು ಅದರ ಮಾತಾಡುವ ಜನ ಇವರು. ಹೊಸದರಂತಿದ್ದ ಉಣ್ಣೆಯ ಶಾಲು ಯಾಕೆ ಬೇಡ? ಮಗಳು, "ಅವ್ವಾ, ನೀ ಬ್ಯಾಡಂದಿದ್ದು ಅವರಿಗೂ ಬ್ಯಾಡಾಗ್ಯದ, ಅಷ್ಟೇ" ಎಂದಳು. ನನಗೆ ಆ ಉತ್ತರ ಸಾಲಲಿಲ್ಲ.

ಬುಧವಾರ ಒಂದು ದಿಂಬು, ಒಂದು ಡಬ್ಬಿ ಹಿಡಿದು ಭಾಲ್ಕಿ ಬಸ್ ಹತ್ತಿದೆ. ಅಲ್ಲಿಂದ ಟಂಟಂ ಆಟೋದಲ್ಲಿ ಭಾತಂಬ್ರಾ. ನಮ್ಮವರ ಅಕ್ಕನ ಮನೆ. ಎರಡು ವರ್ಷದ ಹಿಂದೆ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಅಕ್ಕ ನಮ್ಮಲ್ಲಿ ಹತ್ತು ದಿನ ಇದ್ದರು. ದಿಂಬು ಆಗಿನದು.

ಅಕ್ಕ ನನ್ನನ್ನು ನೋಡಿ ಖುಷಿಪಟ್ಟರು. ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದರು, ಒಳಗೆ ನೋಡಿದರು, ಮುಚ್ಚಿದರು. "ಖಾಲಿ ತಂದೀಯಲ್ಲ" ಎಂದರು. ನಾಲಗೆ ಕಚ್ಚಿಕೊಂಡೆ. ಮನೆ ಖಾಲಿ ಮಾಡುವ ಭರದಲ್ಲಿ ನಮ್ಮ ಕಡೆಯ ಅತಿ ಸಣ್ಣ ಮರ್ಯಾದೆಯನ್ನೂ ಮರೆತಿದ್ದೆ. ಇನ್ನೊಬ್ಬರ ಡಬ್ಬಿ ತಿರುಗಿ ಕೊಡುವಾಗ ಅದರಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. "ತಪ್ಪಾತ್ರಿ ಅಕ್ಕಾ" ಎಂದರೆ, "ಇರಲಿ, ಪಟ್ಟಣದಾಗ ಇದ್ದು ಇದ್ದು ಹಂಗಾಗೀದಿ" ಎಂದು ನಕ್ಕರು.

ದಿಂಬನ್ನು ಮಾತ್ರ ಅವರು ಮುಟ್ಟಲಿಲ್ಲ. ಒಳಗೆ ಇಡುತ್ತೇನೆ ಎಂದು ಎದ್ದವಳನ್ನು ತಡೆದು ಗದ್ದದಿಂದಲೇ ಹೊರಗಿನ ಕಟ್ಟೆ ತೋರಿಸಿದರು. "ಅಲ್ಲೇ ಇರಲಿ."

"ಯಾಕ್ರಿ ಅಕ್ಕಾ?"

"ಬಿಸಲಿಗಿ ಇರಲಿ ಅಂದೀನಿ" ಎಂದು ಒಳಗೆ ಹೋಗಿ ರೊಟ್ಟಿ ತಟ್ಟತೊಡಗಿದರು. ಊಟ ಮಾಡಿ, ಮಾತಾಡಿ, ನಾನು ಹೊರಡುವ ಹೊತ್ತಿಗೆ ಬಿಸಿಲು ಕಟ್ಟೆ ದಾಟಿ ಬಹಳ ಹೊತ್ತಾಗಿತ್ತು. ದಿಂಬು ಅಲ್ಲೇ ಇತ್ತು. ಅದರ ಮೇಲೆ ನಾಯಿಯೊಂದು ಮಲಗಿತ್ತು. ಮನೆಯ ಯಾರೂ ಅದನ್ನು ಎಬ್ಬಿಸಿರಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ.

ಗುರುವಾರದ ಸರದಿ ಸಜ್ಜಾದ ಮೂಲೆಯಲ್ಲಿದ್ದ ಕರಿಯ ಕಂಬಳಿಯದು. ನಾಲ್ಕು ವರ್ಷದ ಹಿಂದೆ ಔರಾದ ಹತ್ತಿರದ ಹಳ್ಳಿಯಿಂದ ಬೀರಪ್ಪ ಎಂಬ ಕುರಿಗಾರ ತಮ್ಮ ಹೆಂಡತಿ ಮಾಳವ್ವನನ್ನು ನಮ್ಮ ವಾರ್ಡಿಗೆ ತಂದಿದ್ದರು. ಆಕೆಗೆ ನ್ಯುಮೋನಿಯಾ. ಹನ್ನೆರಡು ದಿನ ಆ ಕಂಬಳಿ ಹೊದ್ದೇ ಮಲಗಿದ್ದಳು. ಅದು ಬಿಟ್ಟರೆ ನಡುಗುತ್ತಿದ್ದಳು. ಬಿಡುಗಡೆಯಾದ ದಿನ ಔರಾದ ಬಸ್ ತಪ್ಪಿತು. ತವರಿನ ಕಡೆಯವರು ಎಂಬ ಅಭಿಮಾನಕ್ಕೆ ಮನೆಗೆ ಕರೆತಂದೆ. ಬೆಳಿಗ್ಗೆ ಇಬ್ಬರೂ ಕೈಮುಗಿದು ಹೋದರು. ಕಂಬಳಿ ಉಳಿಯಿತು. ಬೇವಿನ ಸೊಪ್ಪು ಹಾಕಿ, ಹಗ್ಗ ಕಟ್ಟಿ ಸಜ್ಜಾದ ಮೇಲಿಟ್ಟಿದ್ದೆ. ಬಡವರ ಕಂಬಳಿ, ಚಳಿಗೆ ಎಷ್ಟು ಒದ್ದಾಡುತ್ತಾರೋ ಎಂದು ಆಗಾಗ ನೆನಪಾಗಿ ಮನಸ್ಸು ಚುಚ್ಚುತ್ತಿತ್ತು.

ಈ ಸಲ ಬರಿಗೈಯಲ್ಲಿ ಹೋಗಲಿಲ್ಲ. ಸಕ್ಕರೆ, ಬಾಳೆಹಣ್ಣು ತೆಗೆದುಕೊಂಡೆ. ಔರಾದ ಬಸ್ಸಿನಲ್ಲಿ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದ ಹೆಂಗಸು ಮುಟ್ಟಿ ನೋಡಿ, "ಖರೆ ಉಣ್ಣಿದ ಅದರಿ. ಈಗ ಇಂಥದ್ದು ಸಿಗಂಗಿಲ್ಲ" ಎಂದಳು. ನನಗೆ ಒಳಗೊಳಗೇ ಹೆಮ್ಮೆ. ಔರಾದದಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ವಿಚಾರಿಸಿದೆ. ಟಗರು ಸಾಕುವ ಬೀರಪ್ಪ ಎಂದಾಗ ಅವರಿಗೆ ಗೊತ್ತಾಯಿತು. ಆಟೋದಲ್ಲಿ ಊರು ಮುಟ್ಟಿ, ಕುರಿ ತರುಬಿ ನಿಲ್ಲಿಸಿದ್ದ ಹೊಲಕ್ಕೆ ನಡೆದೇ ಹೋದೆ.

ಮಾಳವ್ವ ಬೇವಿನ ಮರದ ಕೆಳಗೆ ಕಡಲೆ ಸುಲಿಯುತ್ತಿದ್ದಳು. ದೂರದಿಂದಲೇ ಗುರುತು ಹಿಡಿದಳು. "ಏ, ನಮ್ಮ ನರ್ಸಬಾಯಿ ಬಂದಾಳ ನೋಡ್ರಿ" ಎಂದು ಗಂಡನನ್ನು ಕೂಗಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ಅರವತ್ತು ದಾಟಿದವಳು ಹಾಗೆ ಓಡಿಬರುವುದನ್ನು ನೋಡಿ ನನಗೆ ಕಣ್ಣು ತುಂಬಿತು. ಆದರೆ ಹತ್ತು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತುಬಿಟ್ಟಳು. ಅವಳ ಕಣ್ಣು ನನ್ನ ಕಂಕುಳಲ್ಲಿದ್ದ ಕಂಬಳಿಯ ಮೇಲಿತ್ತು.

"ಮರತು ಬಂದಿದ್ರಿ. ತಂದೀನಿ" ಎಂದೆ.

ಬೀರಪ್ಪ ಬಂದು ಹೆಂಡತಿಯ ಪಕ್ಕ ನಿಂತವರು ನೆಲ ನೋಡುತ್ತಿದ್ದರು. ಚಾಚಿದ ಕೈ ಸೋಲತೊಡಗಿತು. ಇಸಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಕೊನೆಗೆ ಬೀರಪ್ಪ, "ಮರತಿದ್ದಿಲ್ರಿ ಬಾಯೋರ" ಎಂದರು.

"ಮತ್ತ?"

"ಬ್ಯಾನಿ ಬಿದ್ದವರು ಹೊದ್ದಿದ್ದು ತಿರುಗಿ ಮನಿಗಿ ತರಬಾರದ್ರಿ. ಅದರ ಬೆನ್ನ ಹತ್ತಿ ಬ್ಯಾನಿ ಬರ್ತದ. ಕಂಬಳಿ ಸುಡಾಕ ಬರಂಗಿಲ್ಲ, ಹೊರಗ ಒಗಿಯಾಕ ಬರಂಗಿಲ್ಲ. ಅದು ನಮಗ ದೇವರಿದ್ದಂಗ. ಇನ್ನೊಬ್ಬರಿಗಿ ಕೊಟ್ರ ಬ್ಯಾನಿ ಅವರಿಗಿ ಹತ್ತತದ. ಅದಕ್ಕ ನಿಮ್ಮ ಮನ್ಯಾಗ ಇಟ್ಟು ಬಂದೀವ್ರಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಭಾತಂಬ್ರಾದ ಕಟ್ಟೆಯ ಮೇಲಿನ ದಿಂಬು ಕಣ್ಣಮುಂದೆ ಬಂತು. ಫೋನಿನಲ್ಲಿ ಇರಲಿ ಬಿಡ್ರಿ ಎಂದವರೆಲ್ಲರ ದನಿ ಕಿವಿಯಲ್ಲಿ ಮೊಳಗಿತು. ಶಾಲು, ಊರುಗೋಲು, ಕುಲಾವಿ. ಒಬ್ಬರೂ ಏನನ್ನೂ ಮರೆತಿರಲಿಲ್ಲ. ಎರಡು ತಾಲೂಕಿನ ಬಳಗ ತಮ್ಮ ತಮ್ಮ ಬೇನೆಯನ್ನು ಗಂಟು ಕಟ್ಟಿ ನನ್ನ ಸಜ್ಜಾದ ಮೇಲಿಟ್ಟು ಹೋಗಿತ್ತು. ನಾನು ಅದಕ್ಕೆ ಬೇವಿನ ಸೊಪ್ಪು ಹಾಕಿ ಕಾಪಾಡಿಕೊಂಡು ಬಂದಿದ್ದೆ.

ಸಿಟ್ಟು ನೆತ್ತಿಗೇರಿತು. "ಹಂಗಾದ್ರ ಬ್ಯಾನಿ ನಮಗ ಹತ್ತಲಿ ಅಂತ ಇಟ್ರೇನ್ರಿ? ನಮ್ಮ ಮನ್ಯಾಗೂ ಮಗಳಿದ್ದಾಳ" ಎಂದುಬಿಟ್ಟೆ.

ಬೀರಪ್ಪ ಎರಡೂ ಕೈ ಜೋಡಿಸಿದರು. "ಅಲ್ರಿ ತಾಯಿ. ನಿಮಗ ಹತ್ತಂಗಿಲ್ಲ ಅಂತ್ರಿ. ನೀವು ನರ್ಸಬಾಯಿ. ಬ್ಯಾನಿನೇ ನಿಮಗ ಅಂಜತದ."

ಅವರು ಅದನ್ನು ಎಷ್ಟು ನಂಬಿಕೆಯಿಂದ ಹೇಳಿದರೆಂದರೆ ನನ್ನ ಸಿಟ್ಟು ಅಲ್ಲೇ ಇಳಿಯಿತು. ಅದರ ಹಿಂದೆಯೇ ಅಳು ಬಂತು. ಹೊಲದ ಬದುವಿನ ಮೇಲೆ ಕುಳಿತು, ಕಂಬಳಿ ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಹತ್ತೊಂಬತ್ತು ವರ್ಷದಲ್ಲಿ ರೋಗಿಯ ಮುಂದೆ ನಾನು ಅತ್ತವಳಲ್ಲ. ಅಂದು ಎಲ್ಲ ಹೇಳಿಕೊಂಡೆ. ಮೂರು ತಿಂಗಳಿಂದ ನಿದ್ದೆಯಿಲ್ಲದ್ದು, ಏಳನೇ ಮಂಚದ ಅಜ್ಜನ ತೋಳು ಹಿಡಿದದ್ದು, ವಾರ್ಡಿಗೆ ಬಿಡುವುದಿಲ್ಲ ಎಂದು ಮೇಡಂ ಹೇಳಿದ್ದು. "ನನಗೂ ಅಂಜಿಕಿ ಅದರಿ. ನನಗ ಏನೂ ಆಗಂಗಿಲ್ಲ ಅಂತ ಎಲ್ಲಾರೂ ತಿಳಕೊಂಡೀರಿ" ಎಂದೆ.

ಮಾಳವ್ವ ಅಲುಗಾಡದೆ ಕೇಳಿದಳು. ಆಮೇಲೆ ಆ ಹತ್ತು ಹೆಜ್ಜೆ ದಾಟಿ ಬಂದು ನನ್ನ ಮುಂದೆ ಕೈ ಚಾಚಿದಳು. "ತರ್ರಿ ಇಲ್ಲಿ."

"ಏ, ತಡಿ. ನಾ ತಗೊತೀನಿ" ಎಂದು ಬೀರಪ್ಪ ಅಡ್ಡ ಬಂದರು.

"ಬ್ಯಾನಿ ನಂದು. ನಂದು ನಾ ತಗೊತೀನಿ" ಎಂದಳು.

ನನಗೆ ಸುಮ್ಮನಿರಲಾಗಲಿಲ್ಲ. "ಅವ್ವಾ, ಇದರಾಗ ಏನೂ ಉಳಿದಿಲ್ರಿ. ನಾಕು ವರ್ಷ ಆತು. ಒಂದು ದಿನ ಬಿಸಲಿಗಿ ಹಾಕಿದ್ರ ಸಾಕು" ಎಂದೆ.

"ನಿಮಗ ಗೊತ್ತದರಿ. ನನಗ ಅಂಜಿಕಿ ಅದ. ಆದ್ರೂ ತಗೊತೀನಿ" ಎಂದು ಹಗ್ಗ ಬಿಚ್ಚಿ, ಕಂಬಳಿಯನ್ನು ಮೂರು ಸಲ ಜಾಡಿಸಿದಳು. ಒಣಗಿದ ಬೇವಿನೆಲೆಯ ಪುಡಿ ಉದುರಿತು. ಮರದ ನೆರಳಿನಾಚೆ ಬಿಸಿಲಿನಲ್ಲಿ ಹಾಸಿ, ಒಂದು ಮೂಲೆಯಲ್ಲಿ ತಾನು ಕುಳಿತು, "ಕೂಡ್ರಿ ಬಾಯೋರ" ಎಂದಳು.

ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಕೊಟ್ಟರು. ಉಂಡದ್ದು ನೆನಪಿದೆ. ಕೈ ತೊಳೆದದ್ದು ನೆನಪಿದೆ. ಮಾಗಿಯ ಬಿಸಿಲಿಗೆ ಕಂಬಳಿ ಬೆಚ್ಚಗಾಗಿತ್ತು. ಸ್ವಲ್ಪ ಹೊತ್ತು ಅಡ್ಡಾಗುತ್ತೇನೆ ಎಂದದ್ದೂ ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ನೆರಳು ಉದ್ದವಾಗಿತ್ತು. ಮೂರು ತಾಸು ನಿದ್ದೆ ಮಾಡಿದ್ದೆ. ಮಾಳವ್ವ ಅದೇ ಮೂಲೆಯಲ್ಲಿ ಕೋಲು ಹಿಡಿದು, ಮರಿಗಳು ನನ್ನ ಮೇಲೆ ಹತ್ತದಂತೆ ಕಾಯುತ್ತ ಕುಳಿತಿದ್ದಳು. ತಾನು ಕನಸಿನಲ್ಲೂ ಮುಟ್ಟಲು ಹೆದರುತ್ತಿದ್ದ ಕಂಬಳಿಯ ಮೇಲೆ ಅಷ್ಟು ಹೊತ್ತೂ ಕುಳಿತಿದ್ದಳು.

ಹೊರಡುವಾಗ ನನ್ನ ಚೀಲಕ್ಕೆ ಹಸಿ ಕಡಲೆ ತುಂಬಿದಳು. "ಮನಿ ಖಾಲಿ ಮಾಡಾಕ ಹತ್ತೀನ್ರಿ, ಮತ್ತ ತುಂಬಬ್ಯಾಡ್ರಿ" ಎಂದೆ. "ಇದು ತಿಂದ್ರ ಖಾಲಿ ಆಗ್ತದ" ಎಂದಳು. ಕ್ಯಾಲೆಂಡರಿನ ಒಂದು ಹಾಳೆ ಹರಿದು ಅದರ ಹಿಂದೆ ನನ್ನ ಫೋನ್ ನಂಬರ್ ಬರೆಸಿಕೊಂಡಳು.

ಮರುದಿನ ಭಾತಂಬ್ರಾದ ಅಕ್ಕನಿಗೆ ಫೋನ್ ಮಾಡಿ ನೇರವಾಗಿಯೇ ಕೇಳಿದೆ. ಮೊದಲು ನಕ್ಕರು. ಆಮೇಲೆ, "ನಿನಗ ಹ್ಯಾಂಗ ಹೇಳಬೇಕಿತ್ತು. ನಿಮ್ಮ ಮನ್ಯಾಗ ಬಿಟ್ರ ನಮಗ ನಿಶ್ಚಿಂತಿ ಆಗ್ತಿತ್ತು. ನಿನ್ನ ಫಿಕರ್ ಯಾರೂ ಮಾಡಲಿಲ್ಲ" ಎಂದರು. ಉಳಿದವರಿಗೂ ಫೋನ್ ಮಾಡಿ, ಇನ್ನು ಇವು ನಿಮ್ಮವಲ್ಲ, ನನಗೆ ತಿಳಿದಂತೆ ಮಾಡುತ್ತೇನೆ ಎಂದು ಒಪ್ಪಿಗೆ ಪಡೆದೆ. ಶಾಲುಗಳನ್ನು ಒಗೆದು ಒಣಗಿಸಿದೆವು. ದಿಂಬಿನ ಹತ್ತಿಯನ್ನು ಹೊಸದಾಗಿ ಹಿಂಜಿಸಿದೆವು. ರೋಗಿಯ ಜೊತೆ ಬಂದು ವರಾಂಡದಲ್ಲಿ ಬರಿ ನೆಲದ ಮೇಲೆ ಮಲಗುವವರಿಗೆ ಅವು ಹೋದವು. ಊರುಗೋಲಿಗೆ ಏಳನೇ ಮಂಚದ ಅಜ್ಜನೇ ಗಿರಾಕಿಯಾದರು. ಅವರಿಗೆ ಅದು ಯಾರದೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಸಣ್ಣ ಕೋಣೆಯಲ್ಲಿ ಈಗ ಮಗಳ ಮೇಜು, ಕುರ್ಚಿ ಇವೆ. ಸಜ್ಜಾ ಖಾಲಿಯಿದೆ. ಈಗಲೂ ಬಳಗ ಬರುತ್ತದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಏನಾರ ಮರತೀರೇನು ನೋಡ್ರಿ" ಎನ್ನುತ್ತೇನೆ. ಕೆಲವರು ನಾಚಿಕೊಂಡು ತಿರುಗಿ ಒಳಗೆ ಹೋಗುತ್ತಾರೆ.

ಮನೆ ಖಾಲಿಯಾದ ದಿನವೇ ನಿದ್ದೆ ಬಂತು ಎಂದರೆ ಸುಳ್ಳಾಗುತ್ತದೆ. ಮೇಡಂ ಕೊಟ್ಟ ಗುಳಿಗೆಯನ್ನೂ ಒಂದಿಷ್ಟು ದಿನ ತೆಗೆದುಕೊಂಡೆ. ವಾರ್ಡಿಗೆ ಮರಳಿದ್ದು ಹದಿನೈದು ದಿನದ ನಂತರ. ತಲೆಗೂ ಅಟ್ಟಕ್ಕೂ ಏನು ಸಂಬಂಧ ಎಂಬ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಆ ಸಜ್ಜಾದ ಮೇಲೆ ಇದ್ದದ್ದು ಬರಿಯ ಸಾಮಾನಲ್ಲ ಎಂಬುದು ಗೊತ್ತಾಗಿದೆ. ನನಗೆ ಏನೂ ಆಗುವುದಿಲ್ಲ ಎಂದು ಊರಿಗೆಲ್ಲ ನಂಬಿಸಿದವಳು ನಾನೇ ಎಂಬುದೂ ಗೊತ್ತಾಗಿದೆ.

ವಾರ್ಡಿಗೆ ಮರಳಿದ ಮೊದಲ ಬೆಳಿಗ್ಗೆ ಮಂಚದಿಂದ ಮಂಚಕ್ಕೆ ಹೋಗುತ್ತ ಎಂದಿನಂತೆ ಕೇಳುತ್ತಿದ್ದೆ. ಆರನೇ ಮಂಚದ ಹತ್ತಿರ ಇದ್ದಾಗ ಜೇಬಿನಲ್ಲಿದ್ದ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಕಿವಿಗೆ ಹಿಡಿದರೆ ಹಿಂದೆ ಕುರಿಗಳ ಸದ್ದು. ಮಾಳವ್ವ.

"ನಾ ಚಲೋ ಅದೀನ್ರಿ ಬಾಯೋರ. ಅದೇ ಕಂಬಳಿ ಹೊದ್ದು ಮಲಗತೀನಿ, ಏನೂ ಆಗಿಲ್ಲ. ಒಂದು ಮಾತು ಕೇಳಬೇಕಂತ ಫೋನ್ ಮಾಡೀನ್ರಿ" ಎಂದು ನಾನು ಹನ್ನೆರಡು ದಿನ ಅವಳನ್ನು ಕೇಳಿದ ದನಿಯಲ್ಲೇ ಕೇಳಿದಳು: "ನಿದ್ದಿ ಬಂತೇನ್ರಿ?"

ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಯಾರೂ ಆ ಮಾತು ಕೇಳಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಈಗಲೂ ವಾರಕ್ಕೊಮ್ಮೆ ಅದೇ ಹೊತ್ತಿಗೆ ಅವಳ ಫೋನ್ ಬರುತ್ತದೆ. ನಿದ್ದೆ ಬಾರದ ದಿನ ಬಂದಿಲ್ಲ ಎಂದೇ ಹೇಳುತ್ತೇನೆ.